ತೋಟೆ ಮೊದಲು, ಬಂದೂಕು ಆಮೇಲೆ

ಅಬುಧಾಬಿಯ ಬಂದೂಕಿನಂಗಡಿಯಲ್ಲಿ ರೈಫಲ್ ಕಟ್ಟಿಕೊಡುತ್ತಿದ್ದವರು ಉಡುಪಿ ಕಡೆಯವರು. ಗಿರಾಕಿ ಮಾತಾಡುವಾಗ ಗುರಿ ಹಿಡಿದವರಂತೆ ಒಂದು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಯಾರು ಏನು ಕೇಳಿದರೂ ಅವರದ್ದು ಒಂದೇ ಮಾತು: “ತೋಟೆ ಮೊದಲು, ಬಂದೂಕು ಆಮೇಲೆ.”

ನನ್ನ ಅರಬ್ ಪಾಲುದಾರನಿಗೆ ಶೂಟಿಂಗ್ ಕ್ಲಬ್ಬಿನಲ್ಲಿ ತನ್ನ ಅಣ್ಣನನ್ನು ಸೋಲಿಸಲೇಬೇಕಿತ್ತು. ಅಣ್ಣನ ಹತ್ತಿರ ಇದ್ದಂತೆಯೇ ಸಣ್ಣ ಗುಂಡು, ಹೆಚ್ಚು ಮದ್ದು, ಭಾರೀ ವೇಗದ ಟ್ವೆಂಟಿಟೂ-ಟೂಫಿಫ್ಟಿ ತೋಟೆಯ ರೈಫಲ್ಲೇ ಬೇಕೆಂದು ಹಟ ಹಿಡಿದ. ನಾನು ಚೌಕಾಸಿ ಮಾಡಿ ಬೆಲೆ ಇಳಿಸಿಯೂ ಆಗಿತ್ತು.

“ಸಾಕು ಮಾರಾಯ್ರೆ, ಒಮ್ಮೆ ಕಪಾಟು ನೋಡಿ,” ಎಂದರು ಈ ಉಡುಪಿಯವರು. ಆ ತೋಟೆ ಇದ್ದದ್ದು ಎರಡೇ ಪೆಟ್ಟಿಗೆ. ಪಕ್ಕದಲ್ಲಿ ಸಾಧಾರಣ ಟೂ-ಟ್ವೆಂಟಿತ್ರೀ ತೋಟೆಗಳು ಸೂರಿನ ತನಕ. “ನೂರು ಮೀಟರಿಗೆ ಇದು ಧಾರಾಳ. ಬ್ಯಾರಲ್ಲೂ ಬೇಗ ಸವೆಯೂದಿಲ್ಲ. ಅಭ್ಯಾಸ ಮಾಡ್ಲಿಕ್ಕೆ ತೋಟೆ ಬೇಡ್ವಾ?”

ಸ್ಪೇರ್ ಪಾರ್ಟ್ ಸಿಗದ ಗಾಡಿಯನ್ನು ನಾನೆಂದೂ ಕೊಂಡವನಲ್ಲ, ನೀವೂ ಕೊಳ್ಳಬೇಡಿ. ಪಾಲುದಾರನನ್ನು ಟೂ-ಟ್ವೆಂಟಿತ್ರೀಗೆ ಒಪ್ಪಿಸಿದೆ.

ಪಂದ್ಯಕ್ಕೆ ಇವರನ್ನೂ ಕರೆದೊಯ್ದೆವು. ಅಣ್ಣ ತೋಟೆ ಉಳಿಸುತ್ತ ಅಭ್ಯಾಸವನ್ನೇ ಬಿಟ್ಟಿದ್ದ. ನಮ್ಮವನು ದಿನಾ ಹೊಡೆದಿದ್ದ. ಗುರಿಹಲಗೆಯಲ್ಲಿ ಅವನ ಐದೂ ಗುಂಡಿನ ತೂತುಗಳನ್ನು ಒಂದು ದಿರ್ಹಮ್ ನಾಣ್ಯದಿಂದ ಮುಚ್ಚಬಹುದಿತ್ತು. ನಾನು ಕುಣಿದೇಬಿಟ್ಟೆ.

ಅಣ್ಣ ನೇರ ಇವರ ಬಳಿ ಬಂದ. “ಯಲ್ಲಾ, ಬೇಗ, ನನಗೂ ಅಂಥದ್ದೇ ಒಂದು. ಎಷ್ಟಾದರೂ ಆಗಲಿ.”

ಎಷ್ಟಾದರೂ ಎನ್ನುವ ಗಿರಾಕಿ. ನನ್ನ ಕೈ ತುರಿಸಿತು. ಇವರು ಒಂದು ಕಣ್ಣು ಮುಚ್ಚಿಕೊಂಡರು.

“ಈಗ ಕಟ್ಟೂದಿಲ್ಲ. ಕಪಾಟು ಖಲಾಸ್. ನಿಮ್ಮ ತಮ್ಮನೇ ಎಲ್ಲ ಹೊಡೆದು ಮುಗಿಸಿದ್ದಾರೆ.”