ಗದ್ದೆಮ್ಮನ ಹುಕುಂ ತಾಲೀಮು

ಸಿಂಧನೂರು ಕಡೆಯ ಸಾಲಗುಂದದಲ್ಲಿ ಹುಟ್ಟಿ ಲಿಂಗಸುಗೂರಿಗೆ ಸೊಸೆಯಾಗಿ ಬಂದ ಗದ್ದೆಮ್ಮ, ನಿಜಾಮರ ರಾಜ್ಯದ ಕೊನೆಗಾಲದಲ್ಲಿ ಅಲ್ಲಿನ ಎಂಟು ಮಂಚದ ಒಂದು ದವಾಖಾನೆಯಲ್ಲಿ ನರ್ಸ್ ಆಗಿದ್ದಳು. ಕೀವು, ರಕ್ತ, ಕುಡಿದು ಬಂದ ಪೈಲ್ವಾನ, ಯಾವುದಕ್ಕೂ ಜಗ್ಗದ ಈ ವೀರವನಿತೆಗೆ ಭೂಮಂಡಲದಲ್ಲಿ ಒಬ್ಬನೇ ಎದುರಾಳಿ: ದವಾಖಾನೆಯ ನೀರು ಕಾಯಿಸುವ ಅಮರಗುಂಡಪ್ಪ. ಅವನು ಅವಳ ಮಾವ.

ದೊಡ್ಡ ನರ್ಸ್ ವರ್ಗವಾಗಿ ಹೋದಾಗ ಡಾಕ್ಟರ್ ಇಸ್ಮಾಯಿಲ್‌ಸಾಬ್ ಆ ಜಾಗಕ್ಕೆಂದು ಗದ್ದೆಮ್ಮನಿಗೆ ಹದಿನೈದು ದಿನದ ತಾಲೀಮು ಶುರು ಮಾಡಿದರು. ಪಾಠ ಒಂದೇ: ಕೈಕೆಳಗಿನವರಿಗೆ ಹುಕುಂ ಕೊಡುವುದು. ಕಲಿತರೆ ವಾರ್ಡು ಅವಳದು. ಇಲ್ಲವಾದರೆ ರಾಯಚೂರಿನಿಂದ ಬೇರೊಬ್ಬರು.

ಜವಾನ ಶಾವಲಿಯ ಮೇಲೆ ಹುಕುಂ ಬಾಣದಂತೆ ಹೊರಟಿತು. ಆಮೇಲೆ ಮಾವನ ಸರದಿ. ಸೊಸೆಯಾದವಳು ಮಾವನಿಗೆ ಮುಖಾಮುಖಿ ಮಾತಾಡುವುದುಂಟೇ? ಗದ್ದೆಮ್ಮ ಸೆರಗನ್ನು ಹಣೆತನಕ ಎಳೆದು ಕಂಬದ ಕಡೆ ತಿರುಗಿದಳು.

"ಏ ಕಂಬಾ, ನೀರು ಕಾದಾವೇನ್ ಕೇಳು."

ಕಂಬದ ಆಚೆಯಿಂದ ಮಾವ ಕಂಬಕ್ಕೇ ಉತ್ತರಿಸಿದ: "ಇನ್ನಾ ಕಾದಿಲ್ಲಂತ ಹೇಳಪಾ."

ಡಾಕ್ಟರ್ ಹಣೆ ಚಚ್ಚಿಕೊಂಡರು. "ಕಂಬಕ್ಕಲ್ಲ ನರ್ಸಮ್ಮ, ಅವಗ ಹೇಳು!"

"ಹೆಂಗ್ ಹೇಳಲ್ರೀ ಸಾಹೇಬ್ರ? ಮಾವಾರು ಅದಾರ."

ಹದಿನಾಲ್ಕು ದಿನ ಇದೇ ನಡೆಯಿತು. ಕಂಬ ಕಲಿತಷ್ಟು ಮತ್ಯಾರೂ ಕಲಿಯಲಿಲ್ಲ.

ಹದಿನೈದನೆಯ ಬೆಳಿಗ್ಗೆ ಮಸ್ಕಿಯಿಂದ ವಾಂತಿಭೇದಿಯ ಐದು ಮಂದಿಯನ್ನು ಹೇರಿಕೊಂಡು ಬಂಡಿ ಬಂತು. ಕುದಿಸಿದ ನೀರು ಈಗಲೇ ಬೇಕು. ಅಮರಗುಂಡಪ್ಪ ಒಲೆಯ ಪಕ್ಕ ಎಲೆ ಅಡಿಕೆ ಮೆಲ್ಲುತ್ತ ಕುಳಿತಿದ್ದ. ಗದ್ದೆಮ್ಮನ ಸೆರಗು ತಲೆಯ ಮೇಲೇ ಇತ್ತು; ದನಿ ಮಾತ್ರ ಛಾವಣಿ ಮುಟ್ಟಿತು.

"ಲೇ ಒಲೀ! ಎಲಿ ಮೆಲ್ಲಕೋತ ಕುಂದ್ರಾಕ ಇದು ಮದುವಿ ಮನಿ ಅನಕೊಂಡಿಯೇನ? ಮಂದಿ ಸಾಯಾಕತ್ತಾರ! ಉರಿ ಜೋರು ಮಾಡು, ಇಲ್ಲಂದ್ರ ನಿನ್ನ ಒಡದು ತಿಪ್ಪಿಗೆ ಹಾಕ್ತೀನಿ!"

ಒಲೆ ಎಲೆ ಮೆಲ್ಲುವುದಿಲ್ಲವೆಂದು ಮಾವನಿಗೆ ಗೊತ್ತಿತ್ತು. ಅವನು ಎಲೆ ಉಗುಳಿ, ಕಟ್ಟಿಗೆ ಒಟ್ಟಿ, ಊದಿ ಊದಿ ಅರ್ಧ ಮೀಸೆ ಸುಟ್ಟುಕೊಂಡ.

ಅದಾದ ಮೂರನೆಯ ದಿನ ಐವರೂ ಗಂಜಿ ಕೇಳಿದರು. ಡಾಕ್ಟರ್ ತಾಲೀಮಿನ ಕಾಗದ ಹಿಡಿದು ಗೊಣಗಿದರು: "ನೇರ ಹೇಳಲೇ ಇಲ್ಲ. ಪಾಸ್ ಅಂತ ಹೆಂಗ ಬರೀಲಿ?"

ಉತ್ತರ ಕೊಟ್ಟವನು ಅಮರಗುಂಡಪ್ಪ. "ನೇರ ಹೇಳಿದ್ದರ ನಾ ವಾದಾ ಹೂಡತಿದ್ದೆರೀ. ಒಲಿಗೆ ಬೈದರ ಏನಂತ ಎದುರಾಡಲಿ? ಇಪ್ಪತ್ತು ವರ್ಷದಾಗ ಇಷ್ಟು ಜಲ್ದಿ ಯಾರ ಮಾತೂ ಕೇಳಿಲ್ಲ ನಾ. ಬರೀರಿ, ಬರೀರಿ."

ಡಾಕ್ಟರ್ ದಸ್ಕತ್ತು ಹಾಕಿ ತಲೆಯೆತ್ತಿದರೆ ಗದ್ದೆಮ್ಮ ಅಲ್ಲಿಲ್ಲ; ಗಂಜಿಯ ಪಾತ್ರೆ ಹಿಡಿದು ಮಂಚಗಳ ನಡುವೆ ಹೊರಟಿದ್ದಳು. ವಾರ್ಡು ಅವಳದಾಯಿತೆಂದು ತಿಳಿಸಲು ಸಾಹೇಬರೇ ಅವಳ ಹಿಂದೆ ನಡೆದರು.