ಗರಗಸಕ್ಕೆ ಸಿಗದ ಸೈಕಲ್

ನಮ್ಮ ಅತ್ತಿಗೆಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬೀದಿಯವರೆಲ್ಲ ಹೇಳುತ್ತಾರೆ. ಹೇಳಲಿ. ಹಳೆಯ ಮೌಂಟನ್ ಬೈಕ್ ಸೈಕಲ್ಲು ಕೊಂಡು, ರಿಪೇರಿ ಮಾಡಿ ಮಾರುವ ಅಂಗಡಿಯಲ್ಲಿ ಹದಿನೆಂಟು ವರ್ಷ ಕೂತವಳಿಗೆ ಕೋಪ ಬರದೆ ಇನ್ಯಾರಿಗೆ ಬರಬೇಕು?

ಕೊಳ್ಳುವ ಮೊದಲು ಅವಳದೊಂದು ಪದ್ಧತಿಯಿದೆ. ಹ್ಯಾಂಡಲ್ಲಿನ ಕೆಳಗೆ ಪೈಪುಗಳು ಸೇರುವ ಕಡೆ ಬಣ್ಣ ಕೆರೆದು ಸೀಮೆಎಣ್ಣೆ ಸವರುತ್ತಾಳೆ. ಚೆನ್ನಾಗಿ ಒರೆಸಿ ಸೀಮೆಸುಣ್ಣದ ಪುಡಿ ಉದುರಿಸುತ್ತಾಳೆ. ಬಿರುಕಿದ್ದರೆ ಒಳಗಿಳಿದ ಎಣ್ಣೆ ಜಿನುಗಿ, ಬಿಳಿಯ ಪುಡಿಯ ಮೇಲೆ ಕೂದಲೆಳೆಯಂಥ ಗೆರೆ ಮೂಡುತ್ತದೆ. ಗೆರೆ ಕಂಡರೆ ಮುಗಿಯಿತು. ಗುಜರಿ ಬೆಲೆಗೆ ಕೊಂಡು, ಚಕ್ರ, ಚೈನು ಬಿಚ್ಚಿಟ್ಟುಕೊಂಡು ಫ್ರೇಮನ್ನು ಗರಗಸದಿಂದ ಎರಡು ತುಂಡು ಮಾಡುತ್ತಾಳೆ. ಯಾವ ಪುಣ್ಯಾತ್ಮನೂ ಅದಕ್ಕೆ ಬಣ್ಣ ಬಳಿದು ಮಾರಬಾರದಲ್ಲ.

ಒಂದು ವರ್ಷ ಪೇಟೆಗೆ ಹೊಸ ಸೈಕಲ್ಲುಗಳು ಬರುವುದೇ ನಿಂತುಹೋಯಿತು. ಜನಕ್ಕೆ ಹುಚ್ಚು ಹಿಡಿಯಿತು. ಬಾಗಿಲು ತೆಗೆಯುವ ಮೊದಲೇ ಸಾಲು. ಬ್ರೇಕ್ ಹಿಡಿಯುತ್ತದೆಯೇ ಎಂದು ಕೇಳುವವರಿಲ್ಲ. ಇದೆಯಾ, ಕೊಡಿ, ಅಷ್ಟೆ. ಇದೇ ಜನ ಹಿಂದಿನ ವರ್ಷ ಹಿತ್ತಲಲ್ಲಿ ತುಕ್ಕು ಹಿಡಿಸಿದ್ದನ್ನು ತೆಗೆದುಕೊಂಡು ಹೋಗಿ ಎಂದು ಅತ್ತಿಗೆಯ ಬೆನ್ನು ಬಿದ್ದಿದ್ದರು.

ಒಂದು ಸಂಜೆ ನೀಲಿ ಸೈಕಲ್ಲೊಂದರಲ್ಲಿ ಗೆರೆ ಮೂಡಿತು. ಗರಗಸದ ಬ್ಲೇಡು ಮುರಿದಿತ್ತು. ನಾಳೆ ಕೊಯ್ದರಾಯಿತೆಂದು ಗೋಣಿಚೀಲ ಮುಚ್ಚಿಟ್ಟು, ಬೆಳಿಗ್ಗೆ ಬ್ಲೇಡು ತರಲು ಪೇಟೆಗೆ ಹೋದಳು. ಬರುವಷ್ಟರಲ್ಲಿ ನಮ್ಮಣ್ಣ, ಅವಳ ಗಂಡ, ಬಿರುಕಿಗೆ ಪುಟ್ಟಿ ಮೆತ್ತಿ, ಮೇಲೆ ಅದೇ ನೀಲಿ ಬಣ್ಣ ಬಳಿದು, ದರ್ಜಿಯೊಬ್ಬನಿಗೆ ಮಾರಿಬಿಟ್ಟಿದ್ದ. ಬಣ್ಣ ಪೂರ್ತಿ ಒಣಗಿಯೂ ಇರಲಿಲ್ಲ. ಮನೆ ಬಾಗಿಲಿಗೆ ಬಂದ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ ಎಂದು ಅವನ ವಾದ. ಪುಟ್ಟಿಯ ವಾಸನೆ ನನ್ನ ಮೂಗಿಗೂ ಬಡಿದಿತ್ತು. ಅಲ್ಲೇ ಕೂತು ಪಂಕ್ಚರ್ ಹಾಕುತ್ತ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಅದಕ್ಕೆ ನನ್ನ ಮೇಲೇ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಅತ್ತಿಗೆ ದರ್ಜಿಯ ಮನೆಗೆ ಓಡಿದಳು. ಅವನು ಆಗಲೇ ಹೆಚ್ಚಿನ ಬೆಲೆಗೆ ಬಡಗಿಗೆ ಮಾರಿದ್ದ, ಬಡಗಿ ಇನ್ಯಾರಿಗೋ ಮಾರಿದ್ದ. ಇಬ್ಬರೂ ಅದನ್ನು ಒಮ್ಮೆಯೂ ಹತ್ತಿರಲಿಲ್ಲ. ಅಲ್ಲಿಗೆ ಜಾಡು ತಪ್ಪಿತು. ಆಮೇಲೆ ಅವಳಿಗೆ ಊಟ ಸೇರಲಿಲ್ಲ. ಬೀದಿಯಲ್ಲಿ ನೀಲಿ ಸೈಕಲ್ ಕಂಡರೆ ಸಾಕು, ಹಿಂದೆ ಓಡುತ್ತಿದ್ದಳು. ಹತ್ತಿದವನು ಬಿದ್ದರೆ ಕೊಂದವಳು ನಾನೇ ಎನ್ನುತ್ತಿದ್ದಳು.

ಐದನೆಯ ದಿನ ನರ್ಸೊಬ್ಬಳು ಹಸಿರು ಸೈಕಲ್ ಮಾರಲು ತಂದಳು. ಒಳ್ಳೆಯ ಮಾಲು, ಬಿಡಬಾರದು ಎಂದು ಅಣ್ಣ ಕುಣಿದಾಡಿದ. ಅತ್ತಿಗೆ ಹ್ಯಾಂಡಲ್ಲಿನ ಕೆಳಗೆ ಕೆರೆದಳು. ಹಸಿರಿನ ಕೆಳಗೆ ನೀಲಿ, ನೀಲಿಯ ಕೆಳಗೆ ಪುಟ್ಟಿ. ಪುಟ್ಟಿ ಉದುರಿತು. ಬಿರುಕು ಈಗ ಬೆರಳುದ್ದ ಬೆಳೆದಿತ್ತು, ನೋಡಲು ಪುಡಿಯೇ ಬೇಕಿರಲಿಲ್ಲ. ಎರಡು ದಿನ ಇಳಿಜಾರಿನ ರಸ್ತೆಯಲ್ಲಿ ಇದರಲ್ಲೇ ಆಸ್ಪತ್ರೆಗೆ ಹೋಗಿಬಂದೆ, ಏನೋ ಕಟಕಟ ಎನ್ನುತ್ತಿತ್ತು, ಅದಕ್ಕೇ ಮಾರುತ್ತಿದ್ದೇನೆ ಎಂದಳು ನರ್ಸ್.

ಸಾಲಿನವರೆಲ್ಲ ನೋಡುತ್ತಿದ್ದಂತೆ ಅತ್ತಿಗೆ ಸೈಕಲ್ಲನ್ನು ಅಣ್ಣನ ಮುಂದೆ ತಂದು ನಿಲ್ಲಿಸಿದಳು.

"ಹತ್ತಿ. ಆ ಇಳಿಜಾರಲ್ಲಿ ಒಂದೇ ಒಂದ್ಸಲ ಹೋಗ್ಬನ್ನಿ. ಆಮೇಲೆ ನಾನೇ ಮಾರ್ತೀನಿ."

ಅಣ್ಣ ಹ್ಯಾಂಡಲ್ ಹಿಡಿದ. ಕಾಲೆತ್ತಲಿಲ್ಲ.

"ನಿಮ್ಮ ಜೀವ ಮಾತ್ರ ಜೀವ. ಈ ಹುಡುಗೀದೇನು ಬಿಟ್ಟಿ ಬಂದಿತ್ತಾ?"

ನರ್ಸಿಗೆ ದುಡ್ಡು ಎಣಿಸಿಕೊಟ್ಟು, ಅತ್ತಿಗೆ ಗರಗಸವನ್ನು ಅಣ್ಣನ ಕೈಗೆ ಕೊಟ್ಟಳು. ಅವನು ಕೊಯ್ಯತೊಡಗಿದ. ಸಾಲಿನಿಂದ ಒಬ್ಬ ಮುಂದೆ ಬಂದು, ಕೊಯ್ಯಬೇಡಿ, ಹಾಗೇ ಕೊಡಿ, ನಾನು ತಗೊಳ್ತೀನಿ ಎಂದ. ಅಣ್ಣ ತಲೆ ಎತ್ತದೆ ಗರಗಸವನ್ನು ಇನ್ನೂ ಜೋರಾಗಿ ಎಳೆದ.