ಮಾವನ ಹಲ್ಲು ಮತ್ತು ಮೆಟ್ಟುಪಾಳ್ಯದ ಗಾಳಿ

ನಾನು ಒಗಟು ಶುರು ಮಾಡಿದೆನೆಂದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಒಂದೊಂದು ಕೆಲಸ ನೆನಪಾಗುತ್ತದೆ. ಗಂಡನಿಗೆ ತೋಟ ನೆನಪಾಗುತ್ತದೆ, ಮಗಳಿಗೆ ಫೋನು. ಮಾವನಿಗೆ ಆ ಕ್ಷಣದಿಂದ ಕಿವಿ ಕೇಳುವುದಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ನನಗೆ ಶಾಲೆಯ ಮಕ್ಕಳನ್ನು ಗೋಳು ಹೊಯ್ದುಕೊಂಡದ್ದು ಸಾಲದೆ, ಉಳಿದದ್ದನ್ನು ಮನೆಗೆ ತರುವ ಚಾಳಿ. ಟೀಗೆ ಹಾಲು ಈಗಲೇ ಬೆರೆಸಿಟ್ಟರೆ ಬಿಸಿ ಹೆಚ್ಚು ಹೊತ್ತು ಇರುತ್ತದೋ, ಕುಡಿಯುವಾಗ ಬೆರೆಸಿದರೋ? ಈಗಲೇ ಬೆರೆಸಿದರೆ. ಯಾರೂ ನಂಬುವುದಿಲ್ಲ. ನಾನು ನಂಬಿಸಿ ಮುಗಿಸುವಷ್ಟರಲ್ಲಿ ಎರಡೂ ಲೋಟ ತಣ್ಣಗಾಗಿರುತ್ತವೆ.

ನನ್ನ ಒಗಟಿಗೆ ಎದೆಯೊಡ್ಡಿ ನಿಲ್ಲುವವರು ಒಬ್ಬರೇ, ಮಾವನ ತಮ್ಮ. ಅರವಂಕಾಡಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಸಿಡಿಮದ್ದಿನ ಕಾರ್ಖಾನೆಯ ಆ ಊರಿನಲ್ಲಿ ಅಷ್ಟು ಕಾಲ ಇದ್ದದ್ದರಿಂದ ವಿಜ್ಞಾನವೆಲ್ಲ ತಮಗೆ ಗಾಳಿಯಲ್ಲೇ ಬಂದು ಸೇರಿದೆ ಎಂದು ಅವರ ನಂಬಿಕೆ. ಈ ಚಿಕ್ಕಮಾವ ಚಿಪ್ಸ್ ಪೊಟ್ಟಣವನ್ನು ಕೋತಗಿರಿಯಲ್ಲಿ ಮಾತ್ರ ಕೊಳ್ಳುತ್ತಾರೆ. ಘಾಟಿಯ ಕೆಳಗೆ ಮೆಟ್ಟುಪಾಳ್ಯದಲ್ಲಿ ಅದೇ ಪೊಟ್ಟಣ ಸೊರಗಿರುತ್ತದೆ, ಬೆಟ್ಟದ ಮೇಲೆ ಕೋತಗಿರಿಯಲ್ಲಿ ದುಂಡಗೆ ಉಬ್ಬಿರುತ್ತದೆ. ಹಾಗಾಗಿ ಬೆಟ್ಟದವರಿಗೆ ಕಂಪನಿಯವರು ಜಾಸ್ತಿ ತುಂಬಿಸಿ ಕಳಿಸುತ್ತಾರಂತೆ. "ಚಿಕ್ಕಮಾವ, ಒಳಗಿರೋ ಚಿಪ್ಸ್ ಅಷ್ಟೇ. ಮೇಲೆ ಬಂದ ಹಾಗೆ ಹೊರಗಿನ ಗಾಳಿ ತೆಳುವಾಗುತ್ತೆ, ಪೊಟ್ಟಣವನ್ನು ಅದುಮೋರು ಕಡಿಮೆ ಆಗ್ತಾರೆ, ಒಳಗಿನ ಗಾಳಿ ಕಾಲು ಚಾಚುತ್ತೆ" ಎಂದು ಎಷ್ಟು ಸಲ ಹೇಳಿದ್ದೇನೋ. "ಗಾಳಿಗೆ ಕಾಲು ಬೇರೆ ಇದೆಯಾ, ಟೀಚರಮ್ಮ?" ಎಂದು ಉಬ್ಬಿದ ಪೊಟ್ಟಣ ಒಡೆದು ನನಗೇ ಎರಡು ಕೊಡುತ್ತಾರೆ.

ಅಣ್ಣತಮ್ಮಂದಿರಿಬ್ಬರಿಗೂ ಎಲ್ಲದರಲ್ಲೂ ಪೈಪೋಟಿ. ಯಾರ ಗಿಡದ ಚಿಗುರು ಮೊದಲು, ಯಾರ ಮೊಣಕಾಲು ಹೆಚ್ಚು ನೋಯುತ್ತದೆ, ಎಲ್ಲದಕ್ಕೂ. ಮಗಳ ಮದುವೆ ನಿಶ್ಚಯವಾಗಿ ಒಪ್ಪಿಗೆಯ ವೀಳ್ಯಕ್ಕೆ ದಿನ ಗೊತ್ತಾದಾಗ ಈ ಪೈಪೋಟಿ ತಲೆಗೇರಿತು. ನಮ್ಮಲ್ಲಿ ವೀಳ್ಯದ ತಟ್ಟೆ ಬದಲಾಯಿಸುವ ಮೊದಲು ಮನೆಯ ಹಿರಿಯರು ಎದ್ದು ನಿಂತು ಒಪ್ಪಿಗೆಯನ್ನು ಬಾಯಿಬಿಟ್ಟು ಹೇಳಬೇಕು. ತಲೆಯಾಡಿಸಿದರೆ ನಡೆಯುವುದಿಲ್ಲ. ಹಿರಿಯರು ಹೇಳಲಿಲ್ಲವೋ, ಅವರ ನಂತರದವರು ಹೇಳುತ್ತಾರೆ. ನಂತರದವರು ಎಂದರೆ ಚಿಕ್ಕಮಾವ. ಅವರು ಹೊಸ ಶರಟು ಹೊಲಿಸಿಕೊಂಡದ್ದು ನೋಡಿಯೇ ಮಾವನಿಗೆ ಅನುಮಾನ ಬಂದಿತ್ತು.

ಮಾವನಿಗೆ ಇದು ಶಾಸ್ತ್ರದ ಮಾತಾಗಿರಲಿಲ್ಲ. ಮೊಮ್ಮಗಳನ್ನು ಎತ್ತಿ ಆಡಿಸಿ ಬೆಳೆಸಿದವರು ಅವರೇ. ಎರಡನೇ ತರಗತಿಯಲ್ಲಿ ಅವಳ ಮುಂದಿನ ಹಲ್ಲುಗಳು ಒಟ್ಟಿಗೇ ಬಿದ್ದು, ಹುಡುಗರು ಬೊಕ್ಕಿ ಎಂದು ರೇಗಿಸಿ, ಅವಳು ಶಾಲೆಯಲ್ಲಿ ಬಾಯಿಯನ್ನೇ ಬಿಡದಾದಾಗ, ಮಾವ ಶಾಲೆಯ ಗೇಟಿನ ಮುಂದೆ ಹೋಗಿ ನಿಂತು ತಮ್ಮ ಕಟ್ಟಿಸಿದ ಹಲ್ಲಿನ ಸೆಟ್ಟನ್ನು ಎಲ್ಲರೆದುರೇ ತೆಗೆದು ಜೇಬಿಗೆ ಹಾಕಿಕೊಂಡು ಹಲ್ಲಿಲ್ಲದ ಬಾಯಲ್ಲಿ ನಕ್ಕಿದ್ದರು. ಆಮೇಲೆ ಅವಳಿಗೆ ಹೊಸ ಹಲ್ಲು ಬರುವವರೆಗೆ ಮನೆಯಲ್ಲಿ ಇಬ್ಬರದೂ ಒಂದೇ ಭಾಷೆ. ದೋಸೆ ಹೋಹೆಯಾಯಿತು, ಸಕ್ಕರೆ ಹಕ್ಕರೆಯಾಯಿತು. ನನಗೆ ಎಷ್ಟು ಸಿಟ್ಟು ಬರುತ್ತಿತ್ತೋ ಅಷ್ಟೇ ನಗುವೂ ಬರುತ್ತಿತ್ತು.

ಆದ್ದರಿಂದ ಮಾವ ಆ ಒಪ್ಪಿಗೆಯ ಮಾತನ್ನು ಟೀ ಗಿಡಗಳ ನಡುವೆ ನಿಂತು ಅಭ್ಯಾಸ ಮಾಡತೊಡಗಿದರು. "ನಮ್ಮ ಮನೆಯ ಮಗಳನ್ನು ನಿಮ್ಮ ಮನೆಯ ಮಗಳಾಗಿ ಒಪ್ಪಿಸಿದ್ದೇವೆ. ಸುಖವಾಗಿ ನೋಡಿಕೊಳ್ಳಿ." ಬೆಳಗ್ಗೆ ಒಂದು ಸಾಲಿಗೆ, ಸಂಜೆ ಇನ್ನೊಂದು ಸಾಲಿಗೆ. ಎಲೆ ಕೀಳಲು ಬರುವ ಹೆಂಗಸರಿಗೆಲ್ಲ ಅದು ಬಾಯಿಪಾಠವಾಗಿತ್ತು. ಅವರು ಒಬ್ಬರಿಗೊಬ್ಬರು ಎಲೆಯ ಬುಟ್ಟಿ ಕೊಡುವಾಗಲೂ "ಸುಖವಾಗಿ ನೋಡಿಕೊಳ್ಳಿ" ಎನ್ನುತ್ತಿದ್ದರು.

ರೂಢಿಯಂತೆ ಗಂಡಿನ ಕಡೆಯವರು ಕಟ್ಟಬೆಟ್ಟಿನ ಪಕ್ಕದ ನಮ್ಮ ಹಟ್ಟಿಗೆ ಬರಬೇಕಿತ್ತು. ಆದರೆ ಹುಡುಗನ ಅಜ್ಜಿಗೆ ಘಾಟಿ ಹತ್ತಿದರೆ ಉಸಿರು ಕಟ್ಟುತ್ತದೆ. ಅವರ ಮನೆ ಕೆಳಗೆ ಮೆಟ್ಟುಪಾಳ್ಯದಲ್ಲಿ. ಹಾಗಾಗಿ ನಾವೇ ವ್ಯಾನು ಮಾಡಿಕೊಂಡು ಇಳಿದೆವು. ಮಗಳ ಗೆಳತಿಯರು ವ್ಯಾನಿನೊಳಗೆ ಒಂದು ಗ್ಯಾಸ್ ಬಲೂನು ಕಟ್ಟಿ ಕಳಿಸಿದ್ದರು. ನನಗೆ ಅಷ್ಟೇ ಸಾಕಾಯಿತು.

"ಚಿಕ್ಕಮಾವ, ತಿರುವಿನಲ್ಲಿ ನಾವೆಲ್ಲ ಹೊರಗಡೆ ವಾಲ್ತೀವಿ. ಬಲೂನು ಯಾವ ಕಡೆ ವಾಲುತ್ತೆ?"

"ಇದೇನು ಕೇಳೋ ಮಾತಾ? ನಾವು ಹೋದ ಕಡೆಗೇ."

ಮೊದಲ ತಿರುವಿನಲ್ಲಿ ಚಿಕ್ಕಮಾವ ಕಿಟಕಿಗೆ ಒತ್ತಿಕೊಂಡರು, ಬಲೂನು ನೆಟ್ಟಗೆ ಒಳಗಡೆ ಬಾಗಿ ಅವರ ಹೊಸ ಶರಟಿನಿಂದ ಆದಷ್ಟು ದೂರ ಹೋಯಿತು. ಎರಡನೆಯ ತಿರುವಿನಲ್ಲೂ ಹಾಗೇ. ವ್ಯಾನಿನೊಳಗಿನ ಗಾಳಿಯೂ ನಮ್ಮಂತೆ ಹೊರಗಡೆ ನುಗ್ಗುತ್ತದೆ, ಬಲೂನು ಅದಕ್ಕಿಂತ ಹಗುರ, ಅದನ್ನು ಗಾಳಿಯೇ ಒಳಕ್ಕೆ ತಳ್ಳುತ್ತದೆ ಎಂದು ನಾನು ವಿವರಿಸಿದೆ. ಚಿಕ್ಕಮಾವ ಬಲೂನಿಗೇ ಬೈದರು.

ಮಾವ ಇದರಲ್ಲಿ ಸೇರಲಿಲ್ಲ. ಅವರಿಗೆ ಘಾಟಿಯೆಂದರೆ ವಾಂತಿ. ಅವರ ಮೊದಲ ಹಲ್ಲಿನ ಸೆಟ್ಟು ಇದೇ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ಹೊರಗೆ ಹೋದದ್ದು. ಯಾವುದೋ ಕೋತಿ ಅದನ್ನು ಹಾಕಿಕೊಂಡು ಇವತ್ತಿಗೂ ನಗುತ್ತಿರಬಹುದು. ಅಂದಿನಿಂದ ಇಳಿಯುವ ಮೊದಲು ಕೋತಗಿರಿಯಲ್ಲೇ ಹಲ್ಲು ತೆಗೆದಿಡುವುದು ಅವರ ನೇಮ. ಹಿಂದೆಲ್ಲ ಕರ್ಚೀಫಿನಲ್ಲಿ ಸುತ್ತುತ್ತಿದ್ದರು. ಈ ಸಲ ವಿಶೇಷ ದಿನವೆಂದು ಅತ್ತೆಯ ಕಾಲದ ಸ್ಟೀಲ್ ಡಬ್ಬಿ ತಂದಿದ್ದರು. ಮುಚ್ಚಳಕ್ಕೆ ರಬ್ಬರಿನ ಬಳೆ, ಅದು ಡಬ್ಬಿಯ ಬಾಯೊಳಗೆ ಸಮವಾಗಿ ಕೂತುಬಿಡುತ್ತದೆ, ಹಿಡಿ ಇಲ್ಲ, ಒಂದು ಹನಿ ನೀರೂ ಸೋರುವುದಿಲ್ಲ. ಕೋತಗಿರಿಯಲ್ಲಿ ವ್ಯಾನು ನಿಲ್ಲಿಸಿ, ಹಲ್ಲನ್ನು ಸ್ವಲ್ಪ ನೀರಿನೊಳಗೆ ಮಲಗಿಸಿ, ಅಂಗೈಯಿಂದ ಗಟ್ಟಿಯಾಗಿ ಅದುಮಿ ಮುಚ್ಚಿ, ನನ್ನ ಕೈಗೆ ಕೊಟ್ಟರು. ನಾನು ಅದನ್ನು ಮಡಿಲಲ್ಲಿಟ್ಟುಕೊಂಡು ದಾರಿಯುದ್ದಕ್ಕೂ ಗಾಳಿಯ ವಿಷಯವನ್ನೇ ಮಾತಾಡಿದೆ. ಕೆಳಗಿಳಿದಂತೆ ಬಲೂನು ತುಸು ಸೊರಗಿತು, ಬಿರಡೆ ಬಿಗಿದಿದ್ದ ಖಾಲಿ ನೀರಿನ ಬಾಟಲಿ ತಾನಾಗಿ ಚಟಚಟನೆ ನಜ್ಜುಗುಜ್ಜಾಯಿತು. ಅದನ್ನೂ ತೋರಿಸಿ ಪಾಠ ಮಾಡಿದೆ. ಮಡಿಲಲ್ಲಿದ್ದದ್ದು ಮಾತ್ರ ಹೊಳೆಯಲಿಲ್ಲ.

ಮೆಟ್ಟುಪಾಳ್ಯದಲ್ಲಿ ಬೇಯುವಂಥ ಸೆಕೆ. ಪಾನಕ ಕೊಟ್ಟರು, ಚಾಪೆ ಹಾಸಿದರು, ತಟ್ಟೆಗಳು ಬಂದವು. ಮಾವ ಹಿತ್ತಲಿಗೆ ಹೋಗಿ ಮುಖ ತೊಳೆದು ಬಂದು ನನ್ನ ಮುಂದೆ ಕೈಚಾಚಿದರು. ನಾನು ಡಬ್ಬಿಯ ಮುಚ್ಚಳಕ್ಕೆ ಉಗುರು ಹಾಕಿದೆ. ಉಗುರು ಮುರಿಯಿತು. ಗಂಡನಿಗೆ ಕೊಟ್ಟೆ. ಅವರ ಕುತ್ತಿಗೆಯ ನರ ಉಬ್ಬಿತು, ಮುಚ್ಚಳ ಅಲ್ಲಾಡಲಿಲ್ಲ. ಹುಡುಗನ ಅಪ್ಪ ಬಂದರು. ಅಂಚಿಗೆ ಚಮಚ ಹಾಕಿ ಮೀಟಿದರೆ ಚಮಚ ಬಗ್ಗಿತು. ವ್ಯಾನಿನ ಡ್ರೈವರು ತೊಡೆಗಳ ನಡುವೆ ಇಟ್ಟುಕೊಂಡು ಕಣ್ಣುಮುಚ್ಚಿ ದೇವರನ್ನು ನೆನೆದ. ಏನೂ ಆಗಲಿಲ್ಲ.

ಆಗ ನನಗೆ ಹೊಳೆಯಿತು. ಹೊಳೆದ ಖುಷಿಗೆ, ನಾಚಿಕೆಯೂ ಇಲ್ಲದೆ, ಕೈತಟ್ಟಿಬಿಟ್ಟೆ.

"ಇದು ಚಿಪ್ಸ್ ಪೊಟ್ಟಣದ ಉಲ್ಟಾ! ಒಳಗಿರೋದು ಕೋತಗಿರಿಯ ತೆಳು ಗಾಳಿ. ಹೊರಗಿರೋದು ನಿಮ್ಮೂರಿನ ದಪ್ಪ ಗಾಳಿ. ಅದು ಮುಚ್ಚಳದ ಮೇಲೆ ಒಂದು ಸಣ್ಣ ಅಕ್ಕಿ ಮೂಟೆ ಥರ ಕೂತಿದೆ!"

ಎಲ್ಲರೂ ಮುಚ್ಚಳವನ್ನು ನೋಡಿದರು. ಅಕ್ಕಿ ಮೂಟೆ ಯಾರಿಗೂ ಕಾಣಲಿಲ್ಲ.

"ಈಗ ಏನು ಮಾಡೋದು?" ಎಂದರು ಹುಡುಗನ ಅಪ್ಪ.

"ಕುದಿಯೋ ನೀರಲ್ಲಿ ಇಟ್ಟರೆ ಒಳಗಿನ ಗಾಳಿ ಹಿಗ್ಗಿ ಬಿಟ್ಟುಕೊಳ್ಳುತ್ತೆ" ಎಂದೆ. ಮಾವ ಎರಡೂ ಕೈ ಅಡ್ಡ ಹಿಡಿದರು. ಬಿಸಿನೀರು ಸೋಕಿದರೆ ಹಲ್ಲು ಸೊಟ್ಟಗಾಗುತ್ತದೆ ಎಂದು ಹಲ್ಲು ಕಟ್ಟಿದ ಡಾಕ್ಟರು ಹೆದರಿಸಿದ್ದರು. ಮೊಳೆ ಹೊಡೆದು ತೂತು ಮಾಡೋಣ ಎಂದೆ. ಮೊಳೆ ಹಲ್ಲಿಗೇ ತಾಗಿದರೆ ಎಂದು ಕೈಸನ್ನೆ ಮಾಡಿದರು. "ಹಾಗಾದ್ರೆ ಒಂದೇ ದಾರಿ, ಕೋತಗಿರಿಗೆ ತಗೊಂಡು ಹೋದರೆ ತಾನಾಗೇ ತೆಗೆಯುತ್ತೆ" ಎಂದೆ. ಹುಡುಗನ ಅಮ್ಮನಿಗೆ ಇದು ನಮ್ಮ ಬೆಟ್ಟದ ಯಾವುದೋ ಹರಕೆಯೆನ್ನಿಸಿ, ಡಬ್ಬಿಗೆ ಒಂದು ಹೂವು ಇಟ್ಟು ಕೈಮುಗಿದರು. ರಾಹುಕಾಲ ಹತ್ತಿರ ಬರುತ್ತಿತ್ತು.

ಚಿಕ್ಕಮಾವ ಶರಟು ಸರಿಮಾಡಿಕೊಂಡು ಎದ್ದರು. "ಅಣ್ಣಂಗೆ ತೊಂದರೆ ಯಾಕೆ? ನಾನೇ ಹೇಳಿಬಿಡ್ತೀನಿ."

ಮಾವ ತುಟಿ ಬಿಗಿಹಿಡಿದು ಕೂತಿದ್ದರು. ಹಲ್ಲಿಲ್ಲದ ಕೆನ್ನೆ ಒಳಕ್ಕೆ ಹೋಗಿ ಮುಖ ಚಿಕ್ಕದಾಗಿತ್ತು. ಇಷ್ಟು ಜನ ಬೀಗರ ಮುಂದೆ, ಮೊಮ್ಮಗಳು ಕಾಲಿಡುವ ಮನೆಯಲ್ಲಿ, ನಗೆಪಾಟಲಾಗಲು ಅವರು ತಯಾರಿರಲಿಲ್ಲ. ಹಾಗೆಂದು ತಮ್ಮನಿಗೆ ಬಿಟ್ಟುಕೊಡಲೂ ಆಗದೆ ಅವರ ಕಣ್ಣು ತುಂಬಿತ್ತು. ಅದನ್ನು ನೋಡಿ ನನ್ನ ವಿಜ್ಞಾನ ಅಲ್ಲೇ ಇಂಗಿಹೋಯಿತು. ಕಾರಣ ಗೊತ್ತಿದ್ದೂ ಒಂದು ಮುಚ್ಚಳ ತೆಗೆಯಲಾರದವಳು ಎಂದು ನನ್ನ ಮೇಲೆ ನನಗೇ ಕೋಪ ಬಂತು.

ಆಗ ರೇಷ್ಮೆ ಸೀರೆ, ಮಲ್ಲಿಗೆ ದಂಡೆ, ಕೈತುಂಬ ಮೆಹಂದಿಯ ನನ್ನ ಮಗಳು ತನ್ನ ಚಾಪೆಯಿಂದ ಎದ್ದು ಬಂದಳು. ಅಜ್ಜನ ಮುಂದೆ ಮಂಡಿಯೂರಿ ಕೂತಳು. ತುಟಿಗಳನ್ನು ಹಲ್ಲಿನ ಮೇಲೆ ಮಡಚಿಕೊಂಡು, ಬೊಕ್ಕುಬಾಯಿ ಮಾಡಿಕೊಂಡು, ಇಡೀ ಮನೆಗೆ ಕೇಳುವಂತೆ ಹೇಳಿದಳು:

"ಅಜ್ಜಾ, ನಂಗೆ ಹೋಹೆ ಬೇಕು."

ಮಾವ ಒಂದು ಗಳಿಗೆ ತಡೆದುಕೊಂಡರು. ಆಮೇಲೆ ತಡೆಯಲಾಗಲಿಲ್ಲ. ಬಾಯಿ ಅಗಲವಾಗಿ ತೆರೆದು, ಒಸಡೆಲ್ಲ ಕಾಣುವಂತೆ, ಕಣ್ಣೀರು ಸುರಿಸುತ್ತ ನಕ್ಕರು. ನಗುತ್ತಲೇ ಎದ್ದು ನಿಂತರು. ತಮ್ಮನ ಭುಜ ಹಿಡಿದು ಕೂರಿಸಿದರು.

"ನಮ್ಮ ಮನೆಯ ಮಗಳನ್ನು ನಿಮ್ಮ ಮನೆಯ ಮಗಳಾಗಿ ಒಪ್ಪಿಹಿಹ್ಹೇವೆ. ಹುಖವಾಗಿ ನೋಡಿಕೊಳ್ಳಿ."

ಯಾರೂ ನಗಲಿಲ್ಲ. ಒಳಕೋಣೆಯಿಂದ ಗೋಡೆ ಹಿಡಿದುಕೊಂಡು ಹುಡುಗನ ಅಜ್ಜಿ ಬಂದರು. ಅವರ ಕಡೆಯ ಹಿರಿಯರು ಅವರೇ, ಉತ್ತರ ಹೇಳಬೇಕಾದವರೂ ಅವರೇ. ಅವರ ಬಾಯಲ್ಲಿ ಒಂದೇ ಒಂದು ಹಲ್ಲಿರಲಿಲ್ಲ, ಕಟ್ಟಿಸಿಕೊಂಡವರೂ ಅಲ್ಲ.

"ನಮಗೂ ಹಂತೋಹ" ಎಂದರು ಗತ್ತಿನಿಂದ. ಆಮೇಲೆ ಮಾವನ ಕಡೆ ತಿರುಗಿ, "ಇಹಕ್ಕೆ ಇಹ್ಟು ಹೊತ್ತಾ? ನಾನು ಹಲ್ಲಿಲ್ಲಹೆ ಊರಿಗೆ ಊರನ್ನೇ ಬೈಯ್ಹಿಲ್ವಾ?" ಎಂದು ಗದರಿಸಿದರು.

ಅವರಿಬ್ಬರೂ ಆಮೇಲೆ ಪಾಯಸದ ಮುಂದೆ ಒಟ್ಟಿಗೆ ಕೂತು ಬಹಳ ಹೊತ್ತು ಮಾತಾಡಿದರು. ಬೇರೆ ಯಾರಿಗೂ ಪೂರ್ತಿ ಅರ್ಥವಾಗಲಿಲ್ಲ, ನನ್ನ ಮಗಳೊಬ್ಬಳಿಗೆ ಬಿಟ್ಟು. ಚಿಕ್ಕಮಾವನನ್ನು ಸಮಾಧಾನ ಮಾಡಲು ನಾನು ಅಂಗಡಿಗೆ ಕರೆದುಕೊಂಡು ಹೋಗಿ ಒಂದು ಸೊರಗಿದ ಚಿಪ್ಸ್ ಪೊಟ್ಟಣ ಕೊಡಿಸಿದೆ. "ಇದನ್ನು ಒಡೆಯದೆ ಇಟ್ಟುಕೊಳ್ಳಿ, ಮೇಲೆ ಹೋಗೋಷ್ಟರಲ್ಲಿ ನೋಡಿ" ಎಂದೆ.

ಸಂಜೆ ಘಾಟಿ ಹತ್ತಿದೆವು. ತಿರುವು ತಿರುವಿಗೂ ಚಿಕ್ಕಮಾವನ ಕೈಯಲ್ಲಿ ಪೊಟ್ಟಣ ಉಬ್ಬುತ್ತ ಹೋಯಿತು. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಡ್ರೈವರು ಏನೋ ಮಾಡಿದ್ದಾನೆ" ಎಂದರು. ಕೋತಗಿರಿಯಲ್ಲಿ ಟೀಗೆ ನಿಲ್ಲಿಸಿದಾಗ ಮಡಿಲಲ್ಲಿದ್ದ ಡಬ್ಬಿಯ ಅಂಚಿಗೆ ಬೆರಳು ಹಾಕಿ ಎಬ್ಬಿಸಿದೆ. ಮುಚ್ಚಳ ಸುಮ್ಮನೆ ಕೈಗೆ ಬಂತು. ನೀರಿನೊಳಗೆ ಹಲ್ಲು ತಣ್ಣಗೆ ಮಲಗಿತ್ತು.

ಮಾವ ಅದನ್ನು ತೊಳೆದು ಹಾಕಿಕೊಂಡರು. ತಮ್ಮನ ಪೊಟ್ಟಣ ಒಡೆಸಿ, ಕರಕರನೆ ಚಿಪ್ಸ್ ತಿಂದರು. ನಾನು ಡಬ್ಬಿ ಒರೆಸುತ್ತ, ಮದುವೆಯೂ ಕೆಳಗೇ ಇರುವುದರಿಂದ ಆಗ ಮರೆಯದೆ ಮುಚ್ಚಳಕ್ಕೆ ಮೊದಲೇ ಒಂದು ಸಣ್ಣ ತೂತು ಮಾಡಿಸುತ್ತೇನೆ, ಹಾಗೆ ಮಾಡಿದರೆ ಒಳಗಿನ ಗಾಳಿ ಹೊರಗಿನ ಗಾಳಿ ಎರಡೂ ಸಮ ಇರುತ್ತವೆ ಎಂದು ವಿವರಿಸತೊಡಗಿದೆ.

"ಬೇಡ" ಎಂದರು ಮಾವ. ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡರು. "ಮದುವೆಗೂ ಇದನ್ನೇ ತರ್ತೀನಿ. ಗಟ್ಟಿಯಾಗಿ ಮುಚ್ಚಿಕೊಂಡು."